ಭಯೋತ್ಪಾದನೆ ಎಂದರೇನು? ಹೊಸರಿತ್ತಿ ಕಡೆಯಿಂದ ಒಂದು ನೋಟ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಲು ಹೋದರೆ ಆಧಾರ್, ಪ್ಯಾನ್ ಕೊಟ್ಟರಷ್ಟೇ ಸಾಲದು. ನಿಮ್ಮ ಹೆಸರು ವಿಶ್ವಸಂಸ್ಥೆಯ ಭಯೋತ್ಪಾದಕರ ಪಟ್ಟಿಯಲ್ಲಿ ಇಲ್ಲ ಅಂತ ಬ್ಯಾಂಕಿನವರು ತಾಳೆ ನೋಡಲೇಬೇಕು. ಆರ್‌ಬಿಐ ನಿಯಮವೇ ಹಾಗಿದೆ. ತಮಾಷೆ ಏನೆಂದರೆ, ಭಯೋತ್ಪಾದನೆ ಅಂದರೆ ಏನು ಅನ್ನುವುದನ್ನೇ ವಿಶ್ವಸಂಸ್ಥೆಯ ದೇಶಗಳು ಇನ್ನೂ ಒಮ್ಮತದಿಂದ ಒಪ್ಪಿಲ್ಲ.

ಜಗಳ ಹಳೆಯದು. 1934ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಕೊಲೆಯಾದ. ಆಮೇಲೆ ಎಚ್ಚೆತ್ತ ಲೀಗ್ ಆಫ್ ನೇಷನ್ಸ್ (ವಿಶ್ವಸಂಸ್ಥೆಗೂ ಮೊದಲು ಇದ್ದ ದೇಶಗಳ ಒಕ್ಕೂಟ) 1937ರಲ್ಲಿ ಒಂದು ಒಪ್ಪಂದ ಮಾಡಿತು. ಒಂದು ರಾಷ್ಟ್ರದ ವಿರುದ್ಧ, ಜನರಲ್ಲಿ ಭೀತಿ ಹುಟ್ಟಿಸಲು ಮಾಡುವ ಅಪರಾಧವೇ ಭಯೋತ್ಪಾದನೆ ಎಂದಿತು. 24 ದೇಶಗಳು ಸಹಿ ಹಾಕಿದವು. ಅನುಮೋದಿಸಿದ್ದು ಮಾತ್ರ ಒಂದೇ ದೇಶ, 1941ರಲ್ಲಿ: ಭಾರತ! ಬ್ರಿಟಿಷರ ಆಳ್ವಿಕೆಯ ಭಾರತ. ಒಪ್ಪಂದ ಜಾರಿಗೇ ಬರಲಿಲ್ಲ.

ಅದಾಗಿ ಎರಡು ವರ್ಷಕ್ಕೆ, 1943ರ ಏಪ್ರಿಲ್ 1ರಂದು, ಹಾವೇರಿ ಬಳಿಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಬ್ರಿಟಿಷರು ವಸೂಲಿ ಮಾಡಿದ್ದ ಕಂದಾಯದ ಹಣ ಕಿತ್ತುಕೊಳ್ಳಲು ಅವರು ಹೋಗಿದ್ದರು. ಗಾಂಧೀಜಿ ಜೊತೆ ದಂಡಿಗೆ ನಡೆದಿದ್ದ ಮೋಟೆಬೆನ್ನೂರಿನ ಮಹಾದೇವಪ್ಪ ಆಗಿನ ಸರ್ಕಾರದ ಲೆಕ್ಕದಲ್ಲಿ ಅಪರಾಧಿ. ನಮಗೆ ಹುತಾತ್ಮ.

ಜಗತ್ತಿನ ಮಾತುಕತೆ ಸಿಕ್ಕಿಹಾಕಿಕೊಂಡಿದ್ದೂ ಇಲ್ಲೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪ್ಯಾಲೆಸ್ಟೀನ್ ಬಂದೂಕುಧಾರಿಗಳ ದಾಳಿಯಿಂದ ಇಸ್ರೇಲ್ ತಂಡದ 11 ಜನ ಸತ್ತ ಮೇಲೆ ವಿಶ್ವಸಂಸ್ಥೆಯಲ್ಲಿ ಚರ್ಚೆ ಎದ್ದಿತು. ವಿಮೋಚನಾ ಹೋರಾಟಕ್ಕೆ ಈ ಹಣೆಪಟ್ಟಿ ಬೇಡ ಅಂತ ಅರಬ್, ಆಫ್ರಿಕಾ ದೇಶಗಳು ಪಟ್ಟು ಹಿಡಿದವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋರಾಟ ಯಾವುದೇ ಇರಲಿ, ಬಸ್ಸಿಗೆ ಕಾಯುತ್ತಾ ನಿಂತವರ ಮೇಲೆ ಬಾಂಬ್ ಹಾಕುವುದು ಬೇರೆ ಮಾತು ಅಲ್ವಾ?

ವ್ಯಾಖ್ಯೆ ಸಿಗದಿದ್ದಾಗ ದೇಶಗಳು ಬಿಡಿಬಿಡಿಯಾಗಿ ಕೆಲಸ ಸಾಗಿಸಿದವು. ವಿಮಾನ ಅಪಹರಣಕ್ಕೆ 1970ರಲ್ಲಿ, ಬಾಂಬ್ ದಾಳಿಗೆ 1997ರಲ್ಲಿ, ಹಣ ಪೂರೈಕೆಗೆ 1999ರಲ್ಲಿ ಒಂದೊಂದು ಒಪ್ಪಂದ. ಅಮೆರಿಕದ ಮೇಲಿನ ದಾಳಿಯ ನಂತರ, 2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿಯ 1373ನೇ ನಿರ್ಣಯ ಬಂತು. ಭಯೋತ್ಪಾದಕರ ಹಣ ತಡೆಯುವುದು ಎಲ್ಲ ದೇಶಗಳಿಗೂ ಕಡ್ಡಾಯವಾಯಿತು. ವ್ಯಾಖ್ಯೆ ಮಾತ್ರ ಅದರಲ್ಲೂ ಇರಲಿಲ್ಲ.

ಎಲ್ಲವನ್ನೂ ಒಳಗೊಂಡ ಒಂದೇ ಒಪ್ಪಂದದ ಕರಡನ್ನು ಭಾರತ 1996ರಲ್ಲೇ ವಿಶ್ವಸಂಸ್ಥೆಯ ಮುಂದಿಟ್ಟಿದೆ. ಅದು ಇನ್ನೂ ಅಂಗೀಕಾರವಾಗಿಲ್ಲ. ಪರಕೀಯ ಆಕ್ರಮಣದ ವಿರುದ್ಧ ಬಂದೂಕು ಹಿಡಿದವರನ್ನು ಹೊರಗಿಡಬೇಕಾ, ಸರ್ಕಾರಗಳ ಸೇನೆಯನ್ನೂ ಒಳಗೆ ತರಬೇಕಾ ಅನ್ನುವ ಎರಡು ಪ್ರಶ್ನೆಗಳು ಅದನ್ನು ಕಟ್ಟಿಹಾಕಿವೆ.