ಒಳಗಿನ ಗಾಳಿ, ಹೊರಗಿನ ಗಾಳಿ

ಆಷಾಢದಲ್ಲಿ ಬೆಂಗಳೂರಿನಿಂದ ಬಿಡದಿಗೆ ಸೈಕಲ್ ತುಳಿದವರಿಗೆ ಗೊತ್ತು: ಹೋಗುವಾಗ ತಟ್ಟೆ ಇಡ್ಲಿ ಬಹಳ ದೂರ, ಬರುವಾಗ ಮನೆ ಬಹಳ ಹತ್ತಿರ. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಮೈಸೂರು ರಸ್ತೆ ಹೆಚ್ಚುಕಡಿಮೆ ಅದರ ಬಾಯಿಗೇ ಓಡುತ್ತದೆ. ಕೆಂಗೇರಿ ದಾಟಿ ಕಟ್ಟಡಗಳ ಮರೆ ತಪ್ಪಿದ ಕೂಡಲೇ ಯಾರೋ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದಂತಾಗುತ್ತದೆ. ಶರ್ಟು ಪಟಪಟ ಹೊಡೆದುಕೊಳ್ಳುತ್ತದೆ, ಪಕ್ಕದವರು ಹೇಳಿದ್ದು ಕೇಳಿಸುವುದಿಲ್ಲ.

"ಹೋಗ್ತಾ ಕಳ್ಕೊಂಡಿದ್ದು ಬರ್ತಾ ಸಿಗುತ್ತೆ ಬಿಡಿ, ಲೆಕ್ಕ ಸಮ" ಎಂದು ನಮ್ಮ ಗುಂಪಿನಲ್ಲಿ ಒಬ್ಬರು ಪ್ರತಿ ವರ್ಷವೂ ಹೇಳುತ್ತಾರೆ. ಸಿಗುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ನಾನು, ಸೈಕಲ್, ನೀರು ಎಲ್ಲ ಸೇರಿ 85 ಕೆ.ಜಿ. ಏರಿಳಿತವಿಲ್ಲದ 30 ಕಿ.ಮೀ. ರಸ್ತೆ ಎಂದಿಟ್ಟುಕೊಳ್ಳಿ. ಪೆಡಲ್ ಮೇಲೆ ಸುಮಾರು 140 ವ್ಯಾಟ್ ಹಾಕುತ್ತಾ ಹೋದರೆ ಗಾಳಿಯಿಲ್ಲದ ದಿನ ಗಂಟೆಗೆ 28 ಕಿ.ಮೀ. ಬರುತ್ತದೆ, ಹೋಗಿಬರಲು 2 ಗಂಟೆ 8 ನಿಮಿಷ ಸಾಕು. ಈಗ ಗಂಟೆಗೆ 15 ಕಿ.ಮೀ. ಗಾಳಿ ಎದುರಿಗೆ ಬೀಸಲಿ. ಅದೇ ಶ್ರಮಕ್ಕೆ ವೇಗ 20ಕ್ಕೆ ಇಳಿಯುತ್ತದೆ, ಬಿಡದಿ ಮುಟ್ಟಲು ಒಂದೂವರೆ ಗಂಟೆ. ವಾಪಸ್ ಬರುವಾಗ ಬೆನ್ನಿಗೆ ಗಾಳಿ. 37 ಮೀರಿದ ವೇಗ, 48 ನಿಮಿಷದಲ್ಲಿ ಮನೆ. ಒಟ್ಟು 2 ಗಂಟೆ 18 ನಿಮಿಷ. ಗಾಳಿ ಹತ್ತು ನಿಮಿಷ ನುಂಗಿ ನೀರು ಕುಡಿಯಿತು. ಕಾರಣ ಇಷ್ಟೇ, ಎದುರುಗಾಳಿಯಲ್ಲಿ ನಾವು ನಿಧಾನ, ಹಾಗಾಗಿ ಅದರ ಕೈಯಲ್ಲಿ ಸಿಕ್ಕಿಬಿದ್ದಿರುವ ಹೊತ್ತು ಜಾಸ್ತಿ. ಬೆನ್ನುಗಾಳಿಯ ಸುಖ ಬೇಗ ಮುಗಿದುಹೋಗುತ್ತದೆ.

ಗಾಳಿ ಇಷ್ಟು ದುಬಾರಿ ಏಕೆ? ವೇಗ ದುಪ್ಪಟ್ಟಾದರೆ ಪ್ರತಿ ಸೆಕೆಂಡಿಗೆ ಮೈಗೆ ತಾಗುವ ಗಾಳಿಯೂ ದುಪ್ಪಟ್ಟು, ಅದು ತಾಗುವ ರಭಸವೂ ದುಪ್ಪಟ್ಟು. ಅಲ್ಲಿಗೆ ತಡೆ ನಾಲ್ಕು ಪಟ್ಟಾಯಿತು. ಆ ನಾಲ್ಕು ಪಟ್ಟು ತಡೆಯನ್ನು ತಳ್ಳಿಕೊಂಡು ಸೆಕೆಂಡಿಗೆ ಎರಡರಷ್ಟು ದೂರ ಹೋಗಬೇಕಲ್ಲ, ಹಾಗಾಗಿ ಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ 20 ಕಿ.ಮೀ. ವೇಗದಲ್ಲಿ ನೆಟ್ಟಗೆ ಕೂತು ಹೋಗುವವನಿಂದ ಗಾಳಿ 37 ವ್ಯಾಟ್‌ನಷ್ಟು ಕಿತ್ತುಕೊಂಡರೆ, 40ರಲ್ಲಿ ಹೋಗುವವನಿಂದ 300ರ ಹತ್ತಿರ ಕಿತ್ತುಕೊಳ್ಳುತ್ತದೆ. ದಿನಾ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವ ನನ್ನಂಥವನು ಅಷ್ಟನ್ನು ನಾಲ್ಕೈದು ನಿಮಿಷ ಕೊಟ್ಟಾನು, ಆಮೇಲೆ ಮರದ ನೆರಳು ಹುಡುಕುತ್ತಾನೆ. 30ರ ವೇಗದಲ್ಲೇ ಸಪಾಟು ರಸ್ತೆಯ ಮೇಲಿನ ನಮ್ಮ ಶ್ರಮದ ಸುಮಾರು ಮುಕ್ಕಾಲು ಪಾಲು ಗಾಳಿಗೆ ಹೋಗುತ್ತದೆ. ಇದರಲ್ಲೂ ಬೆಂಗಳೂರಿಗರಿಗೆ ಒಂದು ರಿಯಾಯಿತಿ ಉಂಟು. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಹತ್ತನೇ ಒಂದು ಪಾಲಿನಷ್ಟು ತೆಳು. ಆಷಾಢದಲ್ಲಿ ಇದು ನೆನಪಿಗೆ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಮೊಣಕೈ ಮಡಿಚಿ ಹ್ಯಾಂಡಲ್ ಮೇಲೆ ಬಾಗಿದರೆ ಗಾಳಿಗೆ ಒಡ್ಡಿದ ಮೈ ಐದನೇ ಒಂದು ಪಾಲಿನಷ್ಟು ಕಡಿಮೆಯಾದೀತು. ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡು ಹೋದರೆ ಉಳಿತಾಯ ಇನ್ನೂ ಹೆಚ್ಚು. ವಿಜಯಪುರ, ಬಾಗಲಕೋಟೆಯಿಂದ ಬಂದು ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುವ ಹುಡುಗ ಹುಡುಗಿಯರು ಸಾಲುಗಟ್ಟಿ ತುಳಿಯುವುದನ್ನು ನೋಡಿ. ಒಬ್ಬರು ಸ್ವಲ್ಪ ಹೊತ್ತು ಮುಂದೆ ನಿಂತು ಗಾಳಿ ತಿನ್ನುತ್ತಾರೆ, ಪಕ್ಕಕ್ಕೆ ಸರಿದು ಸಾಲಿನ ಬಾಲ ಸೇರುತ್ತಾರೆ. ನಮ್ಮ ಬಿಡದಿ ಗುಂಪಿನಲ್ಲೂ ಇದೇ ನಿಯಮ. ಆದರೆ ಸರದಿ ಬಂದಾಗ ಶೂ ಲೇಸ್ ಕಟ್ಟಲು ನಿಲ್ಲುವವರು ಇಬ್ಬರಿದ್ದಾರೆ.

ಇಷ್ಟಾದರೂ ಸೈಕಲ್ ಅಂಗಡಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ತೂಕದ್ದು. ಒಂದು ಬೆರಳಲ್ಲಿ ಎತ್ತಿ ನೋಡುವ ಶಾಸ್ತ್ರ ಬೇರೆ. ತೂಕ ಲೆಕ್ಕಕ್ಕೆ ಬರುವುದು ಏರಿನಲ್ಲಿ. ನಂದಿ ಬೆಟ್ಟದ ಬುಡದಿಂದ ತುದಿಗೆ ನಾನೂರು ಮೀಟರಿಗೂ ಹೆಚ್ಚಿನ ಏರು. ನನಗೆ ಮುಕ್ಕಾಲು ಗಂಟೆಯ ದಮ್ಮು. ಸೈಕಲ್ ಒಂದು ಕೆ.ಜಿ. ಹಗುರಾದರೆ ಉಳಿಯುವುದು ಅರ್ಧ ನಿಮಿಷ. ಆ ಒಂದು ಕೆ.ಜಿ. ಇಳಿಸಲು ಕಾರ್ಬನ್ ಫ್ರೇಮಿಗೆ ಲಕ್ಷ ಸುರಿಯುತ್ತಾರೆ, ಆಮೇಲೆ ಎರಡು ಬಾಟಲಿಯಲ್ಲಿ ಒಂದೂವರೆ ಲೀಟರ್ ನೀರು ಹೇರಿಕೊಂಡು ಬೆಟ್ಟ ಹತ್ತುತ್ತಾರೆ. ರೇಸಿನಲ್ಲಿ 6.8 ಕೆ.ಜಿ.ಗಿಂತ ಹಗುರ ಸೈಕಲ್ಲನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ಬಿಡುವುದಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಟಯರಿನ ಒಳಗಿನ ಗಾಳಿ. ಮೊದಮೊದಲು ನಾನೂ 110 ಪಿಎಸ್ಐ (ಟಯರಿನ ಗಾಳಿಯ ಒತ್ತಡದ ಅಳತೆ) ಹೊಡೆದು, ಬೆರಳಲ್ಲಿ ತಟ್ಟಿ, ಟಣ್ ಎಂದರೆ ಖುಷಿಪಡುತ್ತಿದ್ದೆ. ಕಲ್ಲಿನಂತಿದ್ದರೆ ಟಯರು ಸಲೀಸಾಗಿ ಉರುಳುತ್ತದೆ ಎಂಬ ನಂಬಿಕೆ. ಅದು ಸುಳ್ಳೂ ಅಲ್ಲ. ಟಯರು ನೆಲಕ್ಕೆ ತಾಗುವ ಕಡೆ ಚಪ್ಪಟೆಯಾಗಿ, ಮೇಲೇಳುವಾಗ ಮತ್ತೆ ದುಂಡಗಾಗುತ್ತದೆ. ಬಗ್ಗುವಾಗ ರಬ್ಬರು ತೆಗೆದುಕೊಂಡ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ, ಒಂದಷ್ಟನ್ನು ಬಿಸಿಯಾಗಿ ಕಳೆದುಬಿಡುತ್ತದೆ. ಗಟ್ಟಿ ಟಯರು ಬಗ್ಗುವುದು ಕಡಿಮೆ, ನಷ್ಟವೂ ಕಡಿಮೆ. ಪ್ರಯೋಗಶಾಲೆಯ ನುಣುಪು ಉಕ್ಕಿನ ಡ್ರಮ್ಮಿನ ಮೇಲೆ ಉರುಳಿಸಿದರೆ ಪ್ರತಿ ಸಲವೂ ಗಟ್ಟಿಯದೇ ಗೆಲ್ಲುತ್ತದೆ.

ನಮ್ಮ ಸರ್ವಿಸ್ ರಸ್ತೆ ಉಕ್ಕಿನ ಡ್ರಮ್ಮಲ್ಲ. ಜಲ್ಲಿ ಎದ್ದ ಡಾಂಬರು, ಅರ್ಧ ಮುಚ್ಚಿದ ಗುಂಡಿ, ಅದರ ಮೇಲೊಂದು ತೇಪೆ. ಮೆತ್ತಗಿನ ಟಯರು ಸಣ್ಣ ಕಲ್ಲನ್ನು ಒಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ. ಗಟ್ಟಿ ಟಯರಿಗೆ ಆ ಕಲ್ಲನ್ನು ಹತ್ತಿ ಇಳಿಯುವುದೇ ದಾರಿ. ಆಗ ಸೈಕಲ್ಲಿನ ಜೊತೆ ನಾವೂ ಎದ್ದು ಬೀಳುತ್ತೇವೆ. ಕೂದಲೆಳೆಯಷ್ಟೇ ಇರಬಹುದು, ಆದರೆ ನಿಮಿಷಕ್ಕೆ ನೂರಾರು ಸಲ. ಮುಂದಕ್ಕೆ ಹೋಗಬೇಕಿದ್ದ ಶಕ್ತಿ ಅಂಗೈಯ ಜೋಮಾಗಿ, ತೊಡೆಯ ನಡುಕವಾಗಿ ಸವೆದುಹೋಗುತ್ತದೆ. ಮೈಯೆಲ್ಲ ಜುಂ ಎನ್ನುವುದನ್ನೇ ನಾವು ವೇಗ ಎಂದುಕೊಳ್ಳುತ್ತೇವೆ! ವೃತ್ತಿಪರರೂ ಬಹುಕಾಲ ಹೀಗೇ ಮೋಸಹೋಗಿದ್ದರು. ಹಿಂದೆ 23 ಮಿ.ಮೀ. ಟಯರಿಗೆ 120 ಪಿಎಸ್ಐ ಹೊಡೆಯುತ್ತಿದ್ದವರು ಈಗ 28, 30 ಮಿ.ಮೀ. ಅಗಲದ ಟಯರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಗಾಳಿ ತುಂಬಿ ರೇಸ್ ಗೆಲ್ಲುತ್ತಿದ್ದಾರೆ.

ತಮಾಷೆಯೆಂದರೆ ಗಾಳಿ ಟಯರು ಬಳಕೆಗೆ ಬಂದದ್ದೇ ಮೆತ್ತಗಿನದು ಗಟ್ಟಿಯದನ್ನು ಸೋಲಿಸಿದ್ದರಿಂದ. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನಿದ್ದ. ಮಗನ ಮೂರು ಚಕ್ರದ ಸೈಕಲ್ಲಿಗೆ ಗಟ್ಟಿ ರಬ್ಬರಿನ ಪಟ್ಟಿ. 1887ರಲ್ಲಿ ಡನ್‌ಲಪ್ ಒಂದು ಮರದ ಬಿಲ್ಲೆಯ ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿ, ಅದನ್ನೂ ಆ ಸೈಕಲ್ಲಿನ ಗಟ್ಟಿ ಚಕ್ರವನ್ನೂ ಅಂಗಳದಲ್ಲಿ ಉರುಳಿಬಿಟ್ಟ. ಗಾಳಿಯದು ಬಹಳ ಮುಂದೆ ಹೋಯಿತು. 1888ರಲ್ಲಿ ಪೇಟೆಂಟ್ ಸಿಕ್ಕಿತು, ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟಯರು ಹಾಕಿಕೊಂಡು ಬೆಲ್‌ಫಾಸ್ಟಿನಲ್ಲಿ ರೇಸುಗಳನ್ನು ಬಾಚಿಕೊಂಡ. ಪೇಟೆಂಟ್ ಮಾತ್ರ ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಸುಮಾರು ನಲವತ್ತು ವರ್ಷ ಮೊದಲೇ ಇದೇ ಉಪಾಯಕ್ಕೆ ಹಕ್ಕು ಬರೆಸಿಕೊಂಡಿದ್ದ.

ಪಿಎಸ್ಐ ಎಂದರೆ ಒಂದು ಚದರ ಅಂಗುಲಕ್ಕೆ ಎಷ್ಟು ಪೌಂಡ್ ಒತ್ತಡ ಎಂದು. ನನ್ನ ಹಿಂಚಕ್ರದ ಮೇಲೆ ಬೀಳುವ ಭಾರ 50 ಕೆ.ಜಿ., ಅಂದರೆ 110 ಪೌಂಡ್. ಟಯರಿನಲ್ಲಿ 75 ಪಿಎಸ್ಐ ಇದ್ದರೆ, ಆ ಭಾರ ಹೊರಲು ನೆಲಕ್ಕೆ ತಾಗಬೇಕಾದದ್ದು ಹತ್ತಿರಹತ್ತಿರ ಒಂದೂವರೆ ಚದರ ಅಂಗುಲ. ಐದು ರೂಪಾಯಿಯ ಎರಡು ನಾಣ್ಯ ಪಕ್ಕಪಕ್ಕ ಇಟ್ಟು ನೋಡಿ, ಅಷ್ಟೇ. ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕ್ ಹಿಡಿಯುವಾಗ ನನಗೆ ಆ ಎರಡು ನಾಣ್ಯಗಳು ಕಣ್ಣಮುಂದೆ ಬರುತ್ತವೆ.

ಕಳೆದ ಆಷಾಢದಲ್ಲಿ ಬಿಡದಿಯ ಈಚೆ ಹಿಂಚಕ್ರ ಪಂಕ್ಚರ್ ಆಯಿತು. ಟ್ಯೂಬ್ ಬದಲಿಸಿದೆ. ಪಂಪು ಮನೆಯಲ್ಲಿತ್ತು, ಜೇಬಿನಲ್ಲಿದ್ದದ್ದು ಹೆಬ್ಬೆರಳು ಗಾತ್ರದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ತಿರುವಿದ ಕೂಡಲೇ ಬುಸ್ ಎಂದು ಟಯರು ತುಂಬಿತು. ಒಳಗಿನ ದ್ರವ ಒಮ್ಮೆಲೇ ಅನಿಲವಾಗುವಾಗ ಶಾಖ ಹೀರಿ ಸಿಲಿಂಡರಿನ ಮೇಲೆ ಬಿಳಿ ಹಿಮ ಕಟ್ಟಿತು, ಬೆರಳು ಚುರ್ ಎಂದಿತು. ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ನೋಡಿದರೆ ಟಯರು ಮೆತ್ತಗೆ. ಟ್ಯೂಬ್ ಬಿಚ್ಚಿ, ಪಂಪಿನಿಂದ ಒಂದಿಷ್ಟು ಉಬ್ಬಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಸುತ್ತ ತಿರುಗಿಸಿ ಹದಿನೈದು ನಿಮಿಷ ಕುಕ್ಕರಗಾಲಲ್ಲಿ ಕೂತೆ. ಒಂದು ಗುಳ್ಳೆಯೂ ಏಳಲಿಲ್ಲ. ತೂತು ಇದ್ದರಲ್ಲವೇ ಏಳುವುದು! ಕಾರ್ಬನ್ ಡೈಆಕ್ಸೈಡ್ ಟ್ಯೂಬ್ ಮಾಡುವ ಬ್ಯೂಟೈಲ್ ರಬ್ಬರಿನಲ್ಲಿ ಕರಗುತ್ತದೆ. ಸಾಮಾನ್ಯ ಗಾಳಿಗಿಂತ ಹಲವು ಪಟ್ಟು ಬೇಗ ಅಣುವಣುವಾಗಿ ಟ್ಯೂಬಿನ ಗೋಡೆಯನ್ನೇ ಹಾದು ಆಚೆ ಹೋಗಿಬಿಡುತ್ತದೆ. ಟ್ಯೂಬ್ ಒರೆಸಿ ಹಾಕಿ, ಪಂಪು ತಂದು, ಅಂಗಳದ ಮಾಮೂಲಿ ಗಾಳಿಯನ್ನೇ 75ರವರೆಗೆ ಹೊಡೆದೆ.