ಫಿರಂಗಿ ತಿರುಗಿತು, ಗುಂಡು ಕೆಲಸಕ್ಕೆ ಬರಲಿಲ್ಲ

ಸಿಂಗಪುರಕ್ಕೆ ವಿಮಾನದಲ್ಲಿ ಹೋಗುವ ನಮ್ಮವರೆಲ್ಲ ಇಳಿಯುವುದು ಚಾಂಗಿಯಲ್ಲಿ. ನಿಲ್ದಾಣದೊಳಗಿನ ಜಲಪಾತದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಊರಿನ ಕಡೆ ಹೊರಟುಬಿಡುತ್ತಾರೆ. ಅಲ್ಲಿಂದ ಹೆಚ್ಚೇನೂ ದೂರವಿಲ್ಲದ ಜಾಗವೊಂದರಲ್ಲಿ ದೈತ್ಯ ಫಿರಂಗಿಯೊಂದರ ಪ್ರತಿಕೃತಿ ಇದೆ. ಅದರ ಕೆಳಗೆ, ನೆಲದೊಳಗೆ, ಗುಂಡು ಮದ್ದು ಇಡುತ್ತಿದ್ದ ಸುರಂಗಗಳಿವೆ. ಯುದ್ಧ ಮುಗಿದ ಮೇಲೆ ಜನ ಮರೆತೇಬಿಟ್ಟಿದ್ದ ಈ ಸುರಂಗಗಳು ಮತ್ತೆ ಕಣ್ಣಿಗೆ ಬಿದ್ದದ್ದು 1991ರಲ್ಲಿ. ಹೆಸರು ಜೋಹೋರ್ ಬ್ಯಾಟರಿ. ಬ್ಯಾಟರಿಯೆಂದರೆ ಇಲ್ಲಿ ಫಿರಂಗಿಗಳ ನೆಲೆ.

ಈ ಫಿರಂಗಿಗಳ ಬಗ್ಗೆ ಜಗತ್ತಿಗೆಲ್ಲ ಗೊತ್ತಿರುವ ಕಥೆ ಒಂದೇ: ಬ್ರಿಟಿಷರು ಕೋಟಿಗಟ್ಟಲೆ ಸುರಿದು ಸಮುದ್ರಕ್ಕೆ ಮುಖ ಮಾಡಿ ಫಿರಂಗಿ ನೆಟ್ಟರು, ಜಪಾನಿಯರು ಹಿತ್ತಿಲ ಬಾಗಿಲಿನಿಂದ ಬಂದರು, ಫಿರಂಗಿ ಹಿಂದಕ್ಕೆ ತಿರುಗಲಿಲ್ಲ, ಸಿಂಗಪುರ ಬಿತ್ತು. ಕೇಳಲು ಚೆನ್ನಾಗಿದೆ. ದೊಡ್ಡವರ ದಡ್ಡತನದ ಕಥೆ ಯಾರಿಗೆ ಹಿಡಿಸುವುದಿಲ್ಲ? ಆದರೆ ಆ ಫಿರಂಗಿಗಳು ಹಿಂದಕ್ಕೆ ತಿರುಗಿದ್ದವು, ಗುಂಡನ್ನೂ ಹಾರಿಸಿದ್ದವು. ಎಡವಟ್ಟು ಆದದ್ದು ಬೇರೆ ಕಡೆ. ಅದು ಅರ್ಥವಾಗಬೇಕಾದರೆ ಕರಾವಳಿ ಕಾಯುವ ಫಿರಂಗಿಯ ವಂಶಾವಳಿಯನ್ನು ಸ್ವಲ್ಪ ಕೆದಕಬೇಕು.

'ಫಿರಂಗಿ' ಎಂಬ ಮಾತಿನ ಮೂಲ ಅರ್ಥ ಯುರೋಪಿನವನು, ಪರಂಗಿಯವನು ಎಂದು. ಕಡಲ ಮೇಲಿಂದ ಬಂದವರ ಹೆಸರೇ ಅವರನ್ನು ತಡೆಯಲು ಇಟ್ಟ ಆಯುಧಕ್ಕೂ ಅಂಟಿಕೊಂಡಿತು. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಡದ ಮೇಲಿರುವ ಸುಲ್ತಾನ್ ಬತ್ತೇರಿಯದೂ ಅದೇ ಕಥೆ. 'ಬ್ಯಾಟರಿ' ಎಂಬ ಪರದೇಶದ ಮಾತು ನಮ್ಮ ಬಾಯಲ್ಲಿ ಬತ್ತೇರಿಯಾಗಿದೆ. 1783ರಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಬಂದ ಇಂಗ್ಲಿಷ್ ಸೈನ್ಯ ಹೊನ್ನಾವರದ ಸೀಮೆಯಲ್ಲಿ ಇಳಿದು, ಘಟ್ಟ ಹತ್ತಿ ಬಿದನೂರನ್ನೇ ಹಿಡಿದಿತ್ತು. ಮಂಗಳೂರೂ ಕೈಬಿಟ್ಟಿತ್ತು. ಊರನ್ನು ಮರಳಿ ಪಡೆದ ಟಿಪ್ಪು 1784ರಲ್ಲಿ ಕರಿಕಲ್ಲಿನ ಈ ಬುರುಜು ಕಟ್ಟಿಸಿದ. ಸುತ್ತ ಗೋಡೆಯಲ್ಲಿ ಫಿರಂಗಿಯ ಬಾಯಿ ಹೊರಹಾಕುವ ಕಿಂಡಿಗಳು, ಕೆಳಗೆ ಮದ್ದಿನ ಮನೆ. ಹೊಳೆಯೊಳಗೆ ನುಗ್ಗುವ ಹಡಗಿಗೆ ಬೇರೆ ದಾರಿಯಿಲ್ಲ, ಇದರ ಮುಂದೆಯೇ ಹಾಯಬೇಕು. ಈಗ ಅದೇ ನೀರಿನಲ್ಲಿ ತಣ್ಣೀರುಬಾವಿ ಬೀಚಿಗೆ ದೋಣಿ ಓಡಾಡುತ್ತದೆ.

ಆ ಕಾಲದಲ್ಲಿ ನೆಲದ ಮೇಲಿನ ಫಿರಂಗಿಗೆ ಹಡಗಿನ ಫಿರಂಗಿಗಿಂತ ಕೈ ಮೇಲು. ನೆಲ ಅಲುಗುವುದಿಲ್ಲ, ಗುರಿ ತಪ್ಪುವುದು ಕಡಿಮೆ. ಕಬ್ಬಿಣದ ಗುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹೊಡೆದರೆ ಮರದ ಹಡಗು ಹೊತ್ತಿ ಉರಿಯುತ್ತಿತ್ತು. ಹಡಗಿನವರು ಕುಲುಮೆ ಇಟ್ಟುಕೊಳ್ಳಲು ಹೋದರೆ ಮೊದಲು ಸುಡುವುದು ಅವರದೇ ಮನೆ.

ಲೆಕ್ಕ ಬದಲಾದದ್ದು 1853ರಲ್ಲಿ. ಸಿನೋಪ್ ಬಂದರಿನಲ್ಲಿ ರಷ್ಯನ್ನರ ಸಿಡಿಗುಂಡುಗಳು ತುರ್ಕಿಯ ಮರದ ನೌಕಾಪಡೆಯನ್ನು ಬೂದಿ ಮಾಡಿದವು. ಇನ್ನು ಮರವನ್ನು ನಂಬುವಂತಿಲ್ಲ ಎಂದುಕೊಂಡು ಫ್ರಾನ್ಸ್ 1859ರಲ್ಲಿ ಕಬ್ಬಿಣದ ಕವಚ ತೊಟ್ಟ 'ಗ್ಲ್ವಾರ್' ಹಡಗನ್ನು ನೀರಿಗಿಳಿಸಿತು. ಮರುವರ್ಷ ಬ್ರಿಟನ್ನಿನ 'ವಾರಿಯರ್' ಬಂತು. ಅಲ್ಲಿಂದ ಶುರುವಾದ ಪೈಪೋಟಿಗೆ ಕೊನೆಯೇ ಇರಲಿಲ್ಲ. ಕವಚ ದಪ್ಪವಾದಂತೆ ದಡದ ಫಿರಂಗಿ ದೊಡ್ಡದಾಯಿತು, ಫಿರಂಗಿ ದೊಡ್ಡದಾದಂತೆ ಕವಚ ಮತ್ತೂ ದಪ್ಪವಾಯಿತು.

ಈ ಪೈಪೋಟಿ ಎಲ್ಲಿಗೆ ಮುಟ್ಟಿತೆಂದು ನೋಡಬೇಕಾದರೆ ಮಾಲ್ಟಾ ದ್ವೀಪದ ರಿನೆಲ್ಲಾ ಕೋಟೆಗೆ ಹೋಗಬೇಕು. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಂಪನಿ ಇಟಲಿಯ 'ದುಯಿಲಿಯೊ' ಯುದ್ಧನೌಕೆಗೆ ತಲಾ 100 ಟನ್ ತೂಕದ ನಾಲ್ಕು ಫಿರಂಗಿ ಮಾಡಿಕೊಟ್ಟಿತು. ಇಟಲಿಯವರು ನಾಳೆ ಮಾಲ್ಟಾದ ಮೇಲೆ ಬಂದರೆ ಗತಿಯೇನು ಎಂದು ಬ್ರಿಟಿಷ್ ಸರ್ಕಾರಕ್ಕೆ ದಿಗಿಲು ಹತ್ತಿತು. ಅದು ಅದೇ ಆರ್ಮ್‌ಸ್ಟ್ರಾಂಗ್ ಬಾಗಿಲಿಗೆ ಹೋಗಿ ಅಂಥವೇ ನಾಲ್ಕನ್ನು ಕೊಂಡು ಎರಡನ್ನು ಮಾಲ್ಟಾದಲ್ಲೂ ಎರಡನ್ನು ಜಿಬ್ರಾಲ್ಟರಿನಲ್ಲೂ ಇಟ್ಟಿತು. ವ್ಯಾಪಾರವೆಂದರೆ ಇದು! ನಮ್ಮ ಬಿಜಾಪುರದ ಮುಲ್ಕ್ ಮೈದಾನ್ ತೋಪಿನ ತೂಕ 55 ಟನ್ ಎನ್ನುತ್ತಾರೆ. ಅದರ ಹತ್ತಿರ ಹತ್ತಿರ ಎರಡರಷ್ಟು ಇದು. ಒಂದು ಗುಂಡು 900 ಕಿಲೊ, ಅದನ್ನು ಹಾರಿಸಲು 200 ಕಿಲೊ ಕರಿಮದ್ದು. ಮನುಷ್ಯರ ಕೈಯಲ್ಲಿ ತುಂಬುವ ಮಾತಿಲ್ಲ. ಕೋಟೆಯೊಳಗಿನ ಉಗಿ ಯಂತ್ರ ನೀರನ್ನು ಒತ್ತುತ್ತಿತ್ತು, ಆ ನೀರಿನ ಒತ್ತಡ ಫಿರಂಗಿಯನ್ನು ತಿರುಗಿಸಿ ಅದರ ಮೂತಿಯನ್ನು ಕೆಳಕ್ಕೆ ಬಾಗಿಸುತ್ತಿತ್ತು, ನೆಲಮಾಳಿಗೆಯಿಂದ ಬಂದ ಉದ್ದನೆಯ ಕೋಲು ಮದ್ದನ್ನೂ ಗುಂಡನ್ನೂ ಒಳಕ್ಕೆ ದಬ್ಬುತ್ತಿತ್ತು. ಆರು ನಿಮಿಷಕ್ಕೊಂದು ಏಟು. ಶತ್ರುವಿನ ಮೇಲೆ ಅದು ಒಮ್ಮೆಯೂ ಹಾರಲಿಲ್ಲ. ವ್ಯರ್ಥವಾಯಿತೇ, ಅಥವಾ ಅದನ್ನು ಕಂಡೇ ಯಾರೂ ಬರಲಿಲ್ಲವೇ? ಕರಾವಳಿ ಫಿರಂಗಿಗೆ ಖರ್ಚು ಮಾಡಿದವರೆಲ್ಲ ಕೊಟ್ಟ ಸಮರ್ಥನೆ ಎರಡನೆಯದು. ಸುಳ್ಳೆನ್ನಲು ಯಾರ ಬಳಿಯೂ ಪುರಾವೆ ಇರುವುದಿಲ್ಲ.

ಅಮೆರಿಕದವರು ಇನ್ನೊಂದು ಜಾಣತನ ಮಾಡಿದರು. ಅವರ ಫಿರಂಗಿ ಗೋಡೆಯ ಮೇಲೆ ತಲೆಯೆತ್ತಿ ಹೊಡೆದು, ಆ ಏಟಿನ ಹಿನ್ನೂಕಿಗೇ ಗೋಡೆಯ ಮರೆಗೆ ಕುಸಿದು ಕೂರುತ್ತಿತ್ತು. ಸಿಬ್ಬಂದಿ ಮರೆಯಲ್ಲೇ ಗುಂಡು ತುಂಬಿದ ಮೇಲೆ ಭಾರದ ತೂಕವೊಂದು ಅದನ್ನು ಮತ್ತೆ ಮೇಲಕ್ಕೆತ್ತುತ್ತಿತ್ತು. ಸಮುದ್ರದಿಂದ ನೋಡುವವನಿಗೆ ಏನೂ ಕಾಣದು. ವಿಮಾನ ಬಂದ ಮೇಲೆ ಗೋಡೆಯ ಮರೆಗೆ ಅರ್ಥವೇ ಉಳಿಯಲಿಲ್ಲ, ಅದು ಬೇರೆ ಮಾತು.

ಗುರಿ ಹಿಡಿಯುವ ವಿದ್ಯೆಯೂ ಅಷ್ಟೇ ಬೆಳೆಯಿತು. ಗುಡ್ಡದ ಮೇಲೆ ನಿಂತವನಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆಂದು ಗೊತ್ತು. ಹಡಗು ನೀರನ್ನು ಮುಟ್ಟುವ ಗೆರೆಯನ್ನು ನೋಡಲು ದುರ್ಬೀನನ್ನು ಎಷ್ಟು ಬಗ್ಗಿಸಬೇಕೆಂಬ ಕೋನ ಸಿಕ್ಕರೆ ದೂರ ಸಿಕ್ಕಿತು, ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಇನ್ನೂ ದೂರಕ್ಕೆ, ಮೈಲಿಗಟ್ಟಲೆ ಅಂತರದಲ್ಲಿ ಎರಡು ಠಾಣೆ ಇಟ್ಟು, ಎರಡೂ ಕಡೆಯ ಕೋನಗಳನ್ನು ಫೋನಿನಲ್ಲಿ ತರಿಸಿಕೊಂಡು ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದರು. 30 ಕಿ.ಮೀ. ದೂರಕ್ಕೆ ಗುಂಡು ಹೋಗಿ ಬೀಳಲು ಸುಮಾರು ಒಂದು ನಿಮಿಷ ಬೇಕು. 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ವೇಗದ ಹಡಗು ಅಷ್ಟರಲ್ಲಿ 770 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಹಾಗಾಗಿ ಗುರಿಯಿಡಬೇಕಾದದ್ದು ಹಡಗಿಗಲ್ಲ, ಅದು ಹೋಗಿ ಸೇರುವ ಖಾಲಿ ನೀರಿಗೆ.

ಇಷ್ಟೆಲ್ಲ ವಿದ್ಯೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1904ರಲ್ಲಿ, ಚೀನಾದ ಕರಾವಳಿಯಲ್ಲಿ ರಷ್ಯನ್ನರ ಕೈಯಲ್ಲಿದ್ದ ಪೋರ್ಟ್ ಆರ್ಥರ್ ಬಂದರಿನಲ್ಲಿ. ರಷ್ಯನ್ನರ ಕಡಲ ಮುಖದ ಫಿರಂಗಿಗಳು ಜಪಾನಿನ ಯುದ್ಧನೌಕೆಗಳನ್ನು ಹತ್ತಿರ ಸುಳಿಯಗೊಡಲಿಲ್ಲ. ಆದರೆ ಜಪಾನಿಯರು ತಮ್ಮ ಸ್ವಂತ ತೀರಗಳನ್ನು ಕಾಯುತ್ತಿದ್ದ, ಗುಂಡನ್ನು ಎತ್ತರಕ್ಕೆ ಚಿಮ್ಮಿಸಿ ಬೀಳಿಸುವ 28 ಸೆಂ.ಮೀ. ಬಾಯಿಯ ಹೊವಿಟ್ಜರುಗಳನ್ನು ಬುಡಸಮೇತ ಕಿತ್ತು ಹಡಗಿಗೇರಿಸಿ, ಪೋರ್ಟ್ ಆರ್ಥರ್‌ನ ಹಿಂದಿನ ನೆಲದ ಮೇಲೆ ಕಾಂಕ್ರೀಟು ಹಾಸಿ ಕೂರಿಸಿದರು. ಡಿಸೆಂಬರಿನಲ್ಲಿ 203 ಮೀಟರ್ ಗುಡ್ಡ ಕೈಗೆ ಬಂತು. ಅದರ ನೆತ್ತಿಯಿಂದ ಬಂದರು ಅಂಗೈಯಂತೆ ಕಾಣುತ್ತಿತ್ತು. ಒಳಗೆ ಲಂಗರು ಹಾಕಿದ್ದ ರಷ್ಯನ್ ನೌಕಾಪಡೆಯನ್ನು ಕೆಲವೇ ದಿನಗಳಲ್ಲಿ ಮುಗಿಸಿದರು. ಕಡಲ ಬಾಗಿಲು ಭದ್ರವಾಗಿದ್ದರೆ ಶತ್ರು ನೆಲದ ಕಡೆಯಿಂದ ಬರುತ್ತಾನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬಂದವರೂ ಜಪಾನಿಯರೇ. ಇದನ್ನೆಲ್ಲ ಕಣ್ಣಾರೆ ಕಂಡು ವರದಿ ಬರೆದವರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿಗಳೂ ಇದ್ದರು.

ಸಿಂಗಪುರದಲ್ಲಿ ನೌಕಾನೆಲೆ ಕಟ್ಟಬೇಕೆಂದು ಬ್ರಿಟನ್ ನಿರ್ಧರಿಸಿದ್ದು 1921ರಲ್ಲಿ. ಯುದ್ಧ ಬಂದರೆ ಯುರೋಪಿನಿಂದ ನೌಕಾಪಡೆ ಹೊರಟು ಬರುತ್ತದೆ, ಅಲ್ಲಿಯವರೆಗೆ ಫಿರಂಗಿಗಳು ಕಾಯಬೇಕು ಎಂಬುದು ಯೋಜನೆ. ದಾರಿ ಎಷ್ಟು ದಿನದ್ದು? ಮೊದಲು 42 ಎಂದರು, 1939ರ ಹೊತ್ತಿಗೆ ಅದು 180ಕ್ಕೆ ಬಂದಿತ್ತು. ಏನನ್ನು ಇಡಬೇಕೆಂಬುದಕ್ಕೂ ಲಂಡನ್ನಿನಲ್ಲಿ ವರ್ಷಗಟ್ಟಲೆ ಜಗಳ. ವಾಯುಪಡೆಯ ಮುಖ್ಯಸ್ಥ ಟ್ರೆಂಚರ್ಡ್, ಫಿರಂಗಿ ಬೇಡ, ಟಾರ್ಪಿಡೊ ವಿಮಾನ ಕೊಡಿ ಎಂದ. ನೌಕಾಪಡೆಯವರು ಫಿರಂಗಿಯೇ ಸೈ ಎಂದರು. ಕೊನೆಗೆ ಗೆದ್ದದ್ದು ಫಿರಂಗಿ. 1935ರಲ್ಲಿ ದೊರೆ ಐದನೆಯ ಜಾರ್ಜ್‌ನ ರಜತೋತ್ಸವಕ್ಕೆಂದು ಜೋಹೋರಿನ ಸುಲ್ತಾನ 5 ಲಕ್ಷ ಪೌಂಡ್ ಕಾಣಿಕೆ ಕೊಟ್ಟ. ಅದರ ದೊಡ್ಡ ಪಾಲು ಇಲ್ಲಿಗೆ ಹರಿದು ಚಾಂಗಿಯ ಬ್ಯಾಟರಿಗೆ ಜೋಹೋರ್ ಎಂದು ಹೆಸರಾಯಿತು.

15 ಇಂಚಿನ ಫಿರಂಗಿಗಳು ಒಟ್ಟು ಐದು. ಚಾಂಗಿಯಲ್ಲಿ ಮೂರು, ನೈರುತ್ಯದ ಬೋನಾ ವಿಸ್ಟಾದಲ್ಲಿ ಎರಡು. ಒಂದೊಂದು ನಳಿಗೆ 100 ಟನ್, ಒಂದೊಂದು ಗುಂಡು 879 ಕಿಲೊ. ಸುರಂಗದ ಮದ್ದಿನ ಮನೆಯಿಂದ ಗುಂಡು ಮೇಲೆ ಬಂದು ನಳಿಗೆಯ ಹಿಂಬದಿಯಿಂದ ಒಳಹೋಗುತ್ತಿತ್ತು, ಅದರ ಬೆನ್ನಿಗೆ ಕಾರ್ಡೈಟ್ ಎಂಬ ಮದ್ದು ತುಂಬಿದ ನಾಲ್ಕು ಚೀಲಗಳು. ಆ ಚೀಲಗಳು ರೇಷ್ಮೆಯವು. ಬೇರೆ ಬಟ್ಟೆ ಪೂರ್ತಿ ಉರಿಯದೆ ಒಳಗೆ ಕಿಡಿ ಉಳಿಸಿದರೆ, ಮುಂದಿನ ಚೀಲ ತಳ್ಳುತ್ತಿದ್ದಂತೆ ಹೊತ್ತಿಕೊಂಡು ತುಂಬುವವರೇ ಸಾಯುತ್ತಾರೆ. ರೇಷ್ಮೆ ಹಾಗೆ ಕಿಡಿ ಉಳಿಸುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ಈಶಾನ್ಯ ಮಾರುತದ ಮಳೆಗಾಲದಲ್ಲಿ ಸಿಂಗಪುರದ ಉತ್ತರಕ್ಕಿರುವ ಮಲಯದ ಪೂರ್ವ ತೀರಕ್ಕೆ ಯಾರೂ ಸೈನ್ಯ ಇಳಿಸಲಾರರು ಎಂದು ಎಲ್ಲರೂ ನಂಬಿದ್ದರು. ಇಳಿಸಬಹುದು, ಉತ್ತರದಿಂದ ನೆಲದ ಮೇಲೆಯೇ ನಡೆದು ಬರಬಹುದು ಎಂದು 1937ರಲ್ಲಿ ವರದಿ ಬರೆದವನು ಮಲಯದ ಬ್ರಿಟಿಷ್ ಸೇನೆಯ ಮುಖ್ಯಸ್ಥ ಜನರಲ್ ಡಾಬಿಯ ಕೈಕೆಳಗಿದ್ದ ಆರ್ಥರ್ ಪರ್ಸಿವಲ್. ಮುಂದೆ 1942ರಲ್ಲಿ ಸಿಂಗಪುರವನ್ನು ಜಪಾನಿಯರ ಕೈಗೊಪ್ಪಿಸಿದವನೂ ಅವನೇ.

1941ರ ಡಿಸೆಂಬರ್ 8, ಅದೇ ಮಳೆಗಾಲ. ಜಪಾನಿಯರು ಪೂರ್ವ ತೀರದ ಕೋಟ ಬಾರುವಿನಲ್ಲಿ ಇಳಿದರು. 10ರಂದು 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ಎಂಬ ಬ್ರಿಟನ್ನಿನ ಎರಡು ಯುದ್ಧನೌಕೆಗಳನ್ನು ಅವರ ವಿಮಾನಗಳು ಮುಳುಗಿಸಿದವು. ಟ್ರೆಂಚರ್ಡ್ ಹೇಳಿದ್ದನ್ನು ಜಪಾನಿಯರು ಮಾಡಿ ತೋರಿಸಿದಂತಾಯಿತು. ಫೆಬ್ರುವರಿ 8ರ ರಾತ್ರಿ ಅವರು ಮಲಯಕ್ಕೂ ಸಿಂಗಪುರಕ್ಕೂ ನಡುವಿನ ಜಲಸಂಧಿ ದಾಟಿದರು.

ಆಗ ಜೋಹೋರ್ ಬ್ಯಾಟರಿ ನೆಲದ ಕಡೆಗೆ ತಿರುಗಿ ಗರ್ಜಿಸಿತು. ಬೋನಾ ವಿಸ್ಟಾದ ಫಿರಂಗಿಗಳ ತಿರುಗುವಿಕೆಗೆ ಮಿತಿಯಿತ್ತು, ಅವು ಒಂದೂ ಗುಂಡು ಹಾರಿಸಲಿಲ್ಲ. ಕಥೆ ಹುಟ್ಟಿದ್ದು ಇವುಗಳಿಂದಲೇ ಇರಬೇಕು. ಚಾಂಗಿಯವು ಹಾರಿಸಿದ್ದು ಸುಮಾರು 200 ಗುಂಡು. ಆದರೆ ಮದ್ದಿನ ಮನೆಯಲ್ಲಿದ್ದದ್ದು ಬರೀ ಕವಚ ಸೀಳುವ ಗುಂಡು. ಅಂಥ ಗುಂಡಿಗೆ ಮೈತುಂಬ ಉಕ್ಕು, ಸ್ಫೋಟಕ ಹೊಟ್ಟೆಯಲ್ಲಿ ಚೂರು. ಹಡಗಿನ ದಪ್ಪ ಕವಚವನ್ನು ತೂರಿ ಒಳಹೊಕ್ಕ ಮೇಲಷ್ಟೇ ಅದು ಸಿಡಿಯಬೇಕು. ಮಲಯದ ಕೆಸರು ನೆಲಕ್ಕೆ ಬಿದ್ದರೆ? ಆಳಕ್ಕೆ ಹುಗಿದುಕೊಂಡು ಅಲ್ಲೇ ಗುಡುಗಿ ಮಣ್ಣು ಎಬ್ಬಿಸುತ್ತದೆ. ಕಾಲಾಳುಗಳ ಮೇಲೆ ಚೂರುಗಳನ್ನು ಚೆಲ್ಲುವ ಸಿಡಿಗುಂಡು 15 ಇಂಚಿನದಕ್ಕೆ ಒಂದೂ ಇರಲಿಲ್ಲ, ಅಲ್ಲೇ ಇದ್ದ ಚಿಕ್ಕ, 9.2 ಇಂಚಿನ ಫಿರಂಗಿಗಳಿಗೆ ತಲಾ 30ರಷ್ಟಿದ್ದವು. ಮುಖ ತಿರುಗಿಸುವುದು ಯಂತ್ರದ ಕೆಲಸ, ನಿಮಿಷಗಳಲ್ಲಿ ಆಗುತ್ತದೆ. ಗೋದಾಮಿನಲ್ಲಿ ಏನಿರಬೇಕೆಂಬುದನ್ನು ವರ್ಷಗಳ ಹಿಂದೆ ಯಾರೋ ಇಂಡೆಂಟಿನ ಮೇಲೆ ಬರೆದು ಸಹಿ ಹಾಕಿರುತ್ತಾರೆ. ಶತ್ರು ಹಡಗಿನಲ್ಲೇ ಬರುತ್ತಾನೆಂದು ಆ ಸಹಿ ನಂಬಿತ್ತು.

ಫಿರಂಗಿಗಳನ್ನು ಅವುಗಳ ಸಿಬ್ಬಂದಿಯೇ ಸಿಡಿಸಿ ಹಾಳುಮಾಡಿದರು. ಫೆಬ್ರುವರಿ 15ರಂದು ಶರಣಾದ ಸುಮಾರು 80,000 ಮಂದಿಯಲ್ಲಿ ಅರ್ಧದಷ್ಟು ಭಾರತೀಯರು. ಅವರಲ್ಲಿ ಸಾವಿರಾರು ಮಂದಿ ಮುಂದೆ ಆಜಾದ್ ಹಿಂದ್ ಫೌಜ್ ಸೇರಿದರು.

ಹಾಗಾದರೆ ಈ ಫಿರಂಗಿಗಳೇ ದಂಡವೇ? ನಾರ್ವೆಯವರನ್ನು ಕೇಳಿದರೆ ಒಪ್ಪುವುದಿಲ್ಲ. ಓಸ್ಲೊಗೆ ಹೋಗುವ ಕಡಲ ಕಣಿವೆಯ ಇಕ್ಕಟ್ಟಿನಲ್ಲಿ ಓಸ್ಕಾರ್ಸ್‌ಬೋರ್ಗ್ ಎಂಬ ಕೋಟೆಯಿದೆ. ಅಲ್ಲಿದ್ದದ್ದು 1893ರಲ್ಲಿ ತರಿಸಿದ ಕ್ರುಪ್ ಕಂಪನಿಯ 28 ಸೆಂ.ಮೀ. ಫಿರಂಗಿಗಳು ಮೂರು: ಮೋಸೆಸ್, ಆರೋನ್, ಯೋಶುವ. ಇಳಿಸುವಾಗ ಒಂದು ನೀರಿಗೆ ಬಿದ್ದು, ಎತ್ತಿ ತಂದದ್ದರಿಂದ ಅದಕ್ಕೆ, ನೀರಿನಿಂದ ಎತ್ತಿಕೊಂಡ ಬೈಬಲ್ಲಿನ ಮಗುವಿನ ನೆನಪಿಗೆ, ಮೋಸೆಸ್ ಎಂಬ ಹೆಸರು. 1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನಿಯ ಹೊಚ್ಚಹೊಸ ಯುದ್ಧನೌಕೆ 'ಬ್ಲೂಖರ್' ಆ ಇಕ್ಕಟ್ಟಿನೊಳಗೆ ಬಂತು. ಮೇಲಿನಿಂದ ಆದೇಶವಿಲ್ಲ, ಬಂದವರು ಯಾರೆಂಬುದೂ ಖಚಿತವಿಲ್ಲ. ಫಿರಂಗಿ ನಡೆಸಲು ಸಾಕಷ್ಟು ಜನವೂ ಇಲ್ಲ, ಅಡುಗೆಯವರನ್ನೂ ಕರೆತಂದು ನಿಲ್ಲಿಸಿದ್ದರು. ಕೋಟೆಯ ಮುಖ್ಯಸ್ಥ ಕರ್ನಲ್ ಬಿರ್ಗರ್ ಎರಿಕ್ಸೆನ್‌ಗೆ ಆಗ 64 ವರ್ಷ. 4 ಗಂಟೆ 21 ನಿಮಿಷಕ್ಕೆ ಹೊಡೆಯಿರಿ ಎಂದ. ದೂರ ಎರಡು ಕಿ.ಮೀ.ಗೂ ಕಡಿಮೆ. ಮತ್ತೆ ಗುಂಡು ತುಂಬಲು ಹೊತ್ತು ಸಾಲದೆಂದು ಗೊತ್ತಿತ್ತು, ಹಾರಿದ್ದು ಎರಡೇ ಗುಂಡು, ಎರಡೂ ತಾಗಿದವು. ಉರಿಯುತ್ತ ಮುಂದೆ ಸಾಗಿದ ಹಡಗಿಗೆ ಬಂಡೆಯೊಳಗೆ ಅಡಗಿಸಿಟ್ಟಿದ್ದ 40 ವರ್ಷ ಹಳೆಯ ಟಾರ್ಪಿಡೊಗಳು ಬಡಿದವು. ಹಡಗು ನೂರಾರು ಜನರೊಂದಿಗೆ ಮುಳುಗಿತು. ಅಷ್ಟರಲ್ಲಿ ದೊರೆ, ಸರ್ಕಾರ, ಬ್ಯಾಂಕಿನ ಚಿನ್ನ ಓಸ್ಲೊ ಬಿಟ್ಟು ಪಾರಾದವು. ಅರ್ಧ ಶತಮಾನ ಸುಮ್ಮನೆ ಕೂತಿದ್ದ ಫಿರಂಗಿಗಳು ಮಾಡಿದ ಕೆಲಸ ಕೆಲವೇ ನಿಮಿಷದ್ದು. ಶತ್ರು ಮಾತ್ರ ಅವು ಕಾಯುತ್ತಿದ್ದ ದಾರಿಯಲ್ಲೇ, ಹಡಗಿನಲ್ಲೇ ಬಂದಿದ್ದ.

ಫಿಲಿಪೀನ್ಸಿನ ಮನಿಲಾ ಕೊಲ್ಲಿಯ ಬಾಯಲ್ಲಿದ್ದ ಅಮೆರಿಕನ್ನರ ಕೋಟೆ-ದ್ವೀಪ ಕೊರೆಗಿಡೋರ್‌ಗೆ ಆ ಅದೃಷ್ಟ ಇರಲಿಲ್ಲ. ಪಕ್ಕದ ಬಟಾನ್ ಹಿಡಿದ ಜಪಾನಿಯರು ಅಲ್ಲಿನ ನೆಲದಿಂದಲೇ ದ್ವೀಪವನ್ನು ಜಜ್ಜಿದರು. 1942ರ ಮೇ 2ರಂದು ಗೀರಿ ಬ್ಯಾಟರಿಯ ಮದ್ದಿನ ಮನೆ ಸಿಡಿದು, ಹತ್ತು ಟನ್ನಿಗೂ ಮೀರಿದ ಮಾರ್ಟರ್ ನಳಿಗೆ ಹಾರಿ ಗಾಲ್ಫ್ ಮೈದಾನದಲ್ಲಿ ಬಿತ್ತು. ನಾಲ್ಕು ದಿನಕ್ಕೆ ದ್ವೀಪ ಶರಣಾಯಿತು. ಅಮೆರಿಕ 1950ರಲ್ಲಿ ತನ್ನ ಕರಾವಳಿ ಫಿರಂಗಿ ದಳವನ್ನೇ ಮುಚ್ಚಿತು, ಬ್ರಿಟನ್ 1956ರಲ್ಲಿ.

ಕೆಲಸ ಮಾತ್ರ ನಿಂತಿಲ್ಲ, ಅದನ್ನೀಗ ಕ್ಷಿಪಣಿ ಮಾಡುತ್ತದೆ. 2022ರ ಏಪ್ರಿಲ್‌ನಲ್ಲಿ ರಷ್ಯಾದ 'ಮಾಸ್ಕ್ವಾ' ನೌಕೆ ಮುಳುಗಿತು. ತೀರದಿಂದ ಎರಡು ನೆಪ್ಚೂನ್ ಕ್ಷಿಪಣಿ ಹಾರಿಸಿದೆವು ಎಂದಿತು ಉಕ್ರೇನ್. ಅದೇ ವರ್ಷದ ಜನವರಿಯಲ್ಲಿ ಫಿಲಿಪೀನ್ಸ್ ತೀರದಿಂದ ಹಡಗಿಗೆ ಹೊಡೆಯುವ ಬ್ರಹ್ಮೋಸ್ ಬ್ಯಾಟರಿಗಳಿಗಾಗಿ ಭಾರತದೊಂದಿಗೆ ಸುಮಾರು 37.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು. ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ನಮ್ಮ ವಾಯುಪಡೆಯ ಸಿ-17 ವಿಮಾನದಲ್ಲಿ ಅಲ್ಲಿ ಇಳಿಯಿತು. 290 ಕಿ.ಮೀ. ದೂರ ಹೊಡೆಯುವ ಈ ಕ್ಷಿಪಣಿಗಳು ಲಾರಿಯ ಮೇಲೆ ಓಡಾಡುತ್ತವೆ. ಕಾಗದಪತ್ರಗಳಲ್ಲಿ ಈಗಲೂ ಅವುಗಳಿಗೆ ಬ್ಯಾಟರಿ ಎಂದೇ ಹೆಸರು.