ಗೋಡೆ ಒದ್ದೆಯಾದದ್ದು ಯಾವ ತಿಂಗಳಲ್ಲಿ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮೂರನೇ ಮಹಡಿಯ ಒಂದು ಮನೆ. ಬೆಡ್‌ರೂಮಿನ ಕಪಾಟು ಸರಿಸಿದರೆ ಹಿಂದಿನ ಗೋಡೆಯಲ್ಲಿ ಬಾಳೆಲೆಯಷ್ಟು ಅಗಲದ ಕಲೆ. ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಬೆರಳಿಟ್ಟರೆ ಬಿಳಿ ಹುಡಿ ಉದುರುತ್ತಿತ್ತು. ಆ ಗೋಡೆಯ ಆಚೆಗೆ ಪಕ್ಕದ ಮನೆಯವರ ಬಾತ್‌ರೂಮು. ಜಗಳಕ್ಕೆ ಇನ್ನೇನು ಬೇಕು?

ಎರಡೂ ಕನ್ನಡದ ಮನೆಗಳೇ. ಕಲೆ ಇದ್ದದ್ದು ಕಾರ್ಕಳದ ಕಡೆಯವರ ಮನೆಯಲ್ಲಿ. ಬಾತ್‌ರೂಮು ಧಾರವಾಡದವರದು. ಹೌಸಿಂಗ್ ಸೊಸೈಟಿಯ ಕಮಿಟಿಗೆ ಮರಾಠಿಯಲ್ಲಿ ಅರ್ಜಿ, ಮೆಟ್ಟಿಲ ಮೇಲೆ ಕನ್ನಡದಲ್ಲಿ ಬೈಗುಳ. ನನ್ನನ್ನು ಕರೆಸುವ ಹೊತ್ತಿಗೆ ಧಾರವಾಡದವರು ಟೈಲ್ಸ್ ಒಡೆಸಿ, ನಹಾಣಿ ಟ್ರಾಪ್ (ಬಾತ್‌ರೂಮಿನ ನೆಲದಿಂದ ನೀರು ಇಳಿದುಹೋಗುವ ಬಾಯಿ) ಬದಲಿಸಿ, ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿ ಆಗಿತ್ತು. ಕಲೆ ಮಾತ್ರ ಜಪ್ಪಯ್ಯ ಅಂದರೂ ಹೋಗಿರಲಿಲ್ಲ.

ನಾನು ಸಿವಿಲ್ ಎಂಜಿನಿಯರ್. ಇಂಥ ಗೋಡೆಗಳನ್ನು ನೋಡುವುದೇ ನನ್ನ ಹೊಟ್ಟೆಪಾಡು. ಎಲ್ಲರೂ ಮೊದಲು ಕೇಳುವುದು ‘ನೀರು ಯಾರದು’ ಅಂತ. ನಾನು ಕೇಳುವುದು ‘ಯಾವಾಗ ಬರುತ್ತದೆ’ ಅಂತ. ಯಾಕೆಂದರೆ ನೀರು ಹೊಕ್ಕ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಬಾತ್‌ರೂಮಿನ ಟೈಲ್ಸ್ ಕೆಳಗಿನ ಇಟ್ಟಿಗೆ ಚೂರಿನ ಪದರದಲ್ಲಿ ಅದು ನಾಲ್ಕೈದು ಅಡಿ ಹರಿದು, ಸಂದು ಸಿಕ್ಕಲ್ಲಿ ಹೊರಬರುತ್ತದೆ. ಬರೀ ಜಾಗ ನೋಡಿ ತೀರ್ಪು ಕೊಟ್ಟರೆ ತಪ್ಪುವುದೇ ಜಾಸ್ತಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹರಡಿ, ದೀಪಾವಳಿ ಕಳೆದು ನಿಧಾನ ಒಣಗಿದರೆ ಹೊರಗೋಡೆಯ ಬಿರುಕು, ಕಿಟಕಿಯ ಛಜ್ಜಾ, ಇಲ್ಲವೇ ಟೆರೇಸು. ಸ್ನಾನದ ಹೊತ್ತು ಕಳೆದ ಮೇಲೆ ಹೆಚ್ಚಾದರೆ ನಹಾಣಿ ಟ್ರಾಪ್ ಅಥವಾ ಬಳಸಿದ ನೀರು ಹೋಗುವ ಪೈಪು. ಮಳೆ ಬಿಸಿಲು ಎನ್ನದೆ ವರ್ಷವಿಡೀ ಒಂದೇ ಸಮ ಒದ್ದೆಯೆಂದರೆ ನಲ್ಲಿಗೆ ನೀರು ತರುವ ಪೈಪಿನ ಮೇಲೆ ನನ್ನ ಗುಮಾನಿ. ನೆಲಮಹಡಿಯಲ್ಲಿ ನೆಲದಿಂದ ಎರಡು ಮೂರು ಅಡಿವರೆಗೆ ಉದ್ದಕ್ಕೂ ಪಟ್ಟಿ ಎದ್ದಿದ್ದರೆ ಅದು ಹೆಚ್ಚಾಗಿ ಮಣ್ಣಿನಿಂದ ಏರಿದ ಪಸೆ. ಪಾಪ, ಪಕ್ಕದವರನ್ನು ಬಿಟ್ಟುಬಿಡಿ.

ಕಾರ್ಕಳದ ಮನೆಯಾಕೆಗೆ ತಿಂಗಳು ಸರಿಯಾಗಿ ನೆನಪಿತ್ತು. “ಡಿಸೆಂಬರಲ್ಲಿ ಒಣಗಿರ್ತದೆ. ಏಪ್ರಿಲಲ್ಲಿ ಶುರು. ಮಳೆ ಬಂದ ಮೇಲೆ ಸ್ವಲ್ಪ ಕಮ್ಮಿ.”

ಮಳೆಗಾಲದಲ್ಲಿ ಕಮ್ಮಿಯಾಗುವ ಲೀಕೇಜ್! ಚಳಿಗಾಲ ಅಂತ ಪಕ್ಕದವರು ಸ್ನಾನ ಬಿಡುತ್ತಾರಾ? ಏಪ್ರಿಲ್‌ನಲ್ಲಿ ಶುರುವಾಗುವುದು ಏನು ಅಂತ ತಲೆ ಎತ್ತಿ ನೋಡಿದೆ. ಅದೇ ಗೋಡೆಯ ಮೇಲ್ತುದಿಯಲ್ಲಿ ಎಸಿ ಕೂತಿತ್ತು. ಅದರ ನೀರಿನ ಪೈಪನ್ನು ಚೆಂದ ಕಾಣಲಿ ಅಂತ ಗೋಡೆಯೊಳಗೆ ಹುದುಗಿಸಿದ್ದರು. ಮುಂಬೈ ಕಡೆಯ ಸೆಕೆಗೆ ಎಸಿ ರಾತ್ರಿಯಿಡೀ ಓಡಿದರೆ ಅರ್ಧ ಬಕೆಟ್ ನೀರು ಬಿಡುವುದು ದೊಡ್ಡ ಮಾತಲ್ಲ.

ಆದರೂ ಮೊದಲು ಪಕ್ಕದ ಬಾತ್‌ರೂಮನ್ನೇ ಪರೀಕ್ಷಿಸಿದೆ. ಇಲ್ಲದಿದ್ದರೆ ‘ಎಂಜಿನಿಯರ್ ಆ ಕಡೆ ವಾಲಿದ’ ಅನ್ನುವ ಮಾತು ಬರುತ್ತದೆ. ನಹಾಣಿ ಟ್ರಾಪಿಗೆ ಬಟ್ಟೆ ತುರುಕಿ, ಎರಡು ಬೆರಳು ನೀರು ನಿಲ್ಲಿಸಿದೆವು. ಈಚೆ ಗೋಡೆಯಲ್ಲಿ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದೆ. ಎಸಿ ಬಂದ್. ನಲವತ್ತೆಂಟು ಗಂಟೆ ಕಳೆದರೂ ಕಲೆ ಗೆರೆ ದಾಟಲಿಲ್ಲ. ಆಮೇಲೆ ಎಸಿ ಟ್ರೇಗೆ ಅಳೆದು ಮೂರು ಲೀಟರ್ ನೀರು ಸುರಿದೆ. ಹೊರಗಿನ ತುದಿಯಲ್ಲಿ ಹಿಡಿದ ಬಕೆಟ್ಟಿಗೆ ಬಂದದ್ದು ಒಂದೂವರೆ. ಗೋಡೆ ಕೊರೆದರೆ ಪೈಪು ತಿರುಗುವಲ್ಲಿನ ಎಲ್ಬೋ ಜಾಯಿಂಟ್ ಬಾಯಿ ಬಿಟ್ಟಿತ್ತು.

ಮುಂಚೆ ಬಂದಿದ್ದ ಕಂಟ್ರಾಕ್ಟರ್ ಗೋಡೆಗೆ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಒತ್ತಿ, ‘ನೋಡಿ, ಮುಳ್ಳು ಕೆಂಪಿಗೆ ಹೋಯ್ತು’ ಅಂದಿದ್ದನಂತೆ. ಒದ್ದೆ ಇದೆ ಅಂತ ಹೇಳೋಕೆ ಮೀಟರ್ ಯಾಕೆ? ನೀರು ಎಲ್ಲಿಂದ ಅಂತ ಅದು ಹೇಳುವುದಿಲ್ಲ. ಉಪ್ಪು, ಅಂದರೆ ಆ ಬಿಳಿ ಹುಡಿ, ಎದ್ದ ಗೋಡೆ ಒಣಗಿದ್ದರೂ ಆ ಮುಳ್ಳು ಏರುತ್ತದೆ.

ಖರ್ಚಿನ ವಿಷಯಕ್ಕೆ ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ, ಅಂದರೆ ನಿಯಮಾವಳಿಯಲ್ಲಿ, ಸ್ಥೂಲವಾಗಿ ಹೀಗಿದೆ. ಮಳೆನೀರು, ಟೆರೇಸು, ಎಲ್ಲರಿಗೂ ಸೇರಿದ ಪೈಪು ಸೊಸೈಟಿಯ ಪಾಲು. ಮನೆಯೊಳಗಿನ ಬಾತ್‌ರೂಮು, ಸಿಂಕು ಆಯಾ ಮನೆಯವರ ಪಾಲು. ಕಾರಣ ಗೊತ್ತಾಗುವ ಮೊದಲೇ ಬೈಲಾ ಓದಲು ಕೂತರೆ ಅದೂ ಜಗಳಕ್ಕೇ.

ರಿಪೇರಿಯಾದ ಮೇಲೂ ಒಂದು ಗಂಡಾಂತರವಿದೆ. ಗೋಡೆ ತಕ್ಷಣ ಒಣಗುವುದಿಲ್ಲ. ನಮ್ಮ ಕಸುಬಿನಲ್ಲಿ ಒಂದು ಒರಟು ಲೆಕ್ಕ: ಇಂಚಿಗೆ ಒಂದು ತಿಂಗಳು. ಆರಿಂಚಿನ ಗೋಡೆ ಪೂರ್ತಿ ನೆನೆದಿದ್ದರೆ ಆರು ತಿಂಗಳು. ಅದರ ನಡುವೆ ಮಳೆಗಾಲ ಬಂದರೆ ಇನ್ನೂ ಜಾಸ್ತಿ. ನಮ್ಮವರು ಗಣಪತಿ ಬಂತು ಅಂತ ಹಸಿ ಗೋಡೆಗೇ ಪುಟ್ಟಿ, ಬಣ್ಣ ಬಳಿಸುತ್ತಾರೆ. ಒಳಗಿನ ನೀರು ಅದನ್ನು ಮತ್ತೆ ಎಬ್ಬಿಸುತ್ತದೆ. ‘ನೋಡಿ, ಇನ್ನೂ ಅವರದ್ದೇ ಲೀಕು’ ಅಂತ ಎರಡನೇ ಸುತ್ತು ಶುರು. ಇಲ್ಲೂ ಹಾಗೇ ಆಯಿತು. ಪೈಪು ಬದಲಿಸಿ ತಿಂಗಳಾಗುವಷ್ಟರಲ್ಲಿ ಕಾರ್ಕಳದವರು ಫೋನ್ ಮಾಡಿ, “ಕಲೆ ಹಾಗೇ ಉಂಟಲ್ಲ ಮಾರಾಯ್ರೇ” ಅಂದರು. ಬಣ್ಣ ಬಳಿಸಬೇಡಿ, ಪ್ರತಿ ಭಾನುವಾರ ಅಂಚಿಗೆ ಗೆರೆ ಎಳೆಯಿರಿ ಅಂದೆ.

ದಸರಾ ಕಳೆದು ಹೋಗಿ ನೋಡಿದರೆ ಗೋಡೆ ಮೇಲೆ ಗೆರೆಯೊಳಗೆ ಗೆರೆ, ಒಂದೊಂದಕ್ಕೂ ತಾರೀಖು. ಕೊನೆಯದು ಅಂಗೈಯಷ್ಟಿತ್ತು. ಧಾರವಾಡದವರೂ ಬಂದು ನಿಂತು, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು. ಟೈಲ್ಸ್ ಒಡೆಸಿದ ಖರ್ಚಿನ ಬಿಲ್ಲು ಅವರ ಕೈಯಲ್ಲೇ ಇತ್ತು.